ಸಿಸ್ಟರ್‌ಗಳ ಸರ್ಟಿಫಿಕೇಟ್ ಕಪಾಟಿನಲ್ಲಿ ಇಟ್ಟುಕೊಂಡರೆ ಅವರು ಉಳಿಯುತ್ತಾರಾ?

ಕರಾವಳಿ ಸಿಸ್ಟರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಉತ್ತರ ಕನ್ನಡದ ಕರಾವಳಿಯ 60 ಹಾಸಿಗೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ನರ್ಸಿಂಗ್ ಇನ್‌ಚಾರ್ಜ್. ಊರಿನ ಹೆಸರು, ಆಸ್ಪತ್ರೆಯ ಹೆಸರು ಬೇಡ. ನರ್ಸ್ ಆಗಿ 26 ವರ್ಷ ಆಯ್ತು. ಡ್ಯೂಟಿ ಲಿಸ್ಟ್ ಬರೆಯುವುದು ನಾನೇ. ಪೆನ್ಸಿಲ್‌ನಲ್ಲಿ ಬರೆಯುತ್ತೇನೆ, ಯಾಕೆಂದರೆ ತಿಂಗಳು ಮುಗಿಯುವುದರೊಳಗೆ ಎಷ್ಟು ಸಲ ಅಳಿಸಬೇಕೋ ಲೆಕ್ಕ ಇಲ್ಲ. ಈ ಸಲ ಆಗಸ್ಟ್ ತಿಂಗಳ ಹಾಳೆ ಅಳಿಸಿ ಅಳಿಸಿ ಎರಡು ಕಡೆ ಹರಿದೇ ಹೋಯ್ತು.

ವಿಷಯ ಇಷ್ಟು. ನಮ್ಮ ಐಸಿಯುನಲ್ಲಿ 6 ಹಾಸಿಗೆ. ಜುಲೈನಿಂದ ಅದರಲ್ಲಿ 2 ಮುಚ್ಚಿದ್ದೇವೆ. ಮಾನಿಟರ್ ಇದೆ, ವೆಂಟಿಲೇಟರ್ ಇದೆ, ಆಕ್ಸಿಜನ್ ಲೈನ್ ಇದೆ. ಪಕ್ಕದಲ್ಲಿ ನಿಲ್ಲುವ ಸಿಸ್ಟರ್ ಇಲ್ಲ. ಎರಡು ಮಂಚಕ್ಕೂ ಹಸಿರು ಬಟ್ಟೆ ಹೊದಿಸಿ ಇಟ್ಟಿದ್ದೇವೆ.

ಆಗಸ್ಟ್ ಮೊದಲ ವಾರ ಒಬ್ಬರನ್ನು ಕರೆದುಕೊಂಡು ಬಂದರು. ವಯಸ್ಸು ನಲವತ್ತರ ಹತ್ತಿರ. ನಟ್ಟಿ ಕೆಲಸಕ್ಕೆ ಗದ್ದೆಗೆ ಇಳಿದವರು. ಐದು ದಿನದಿಂದ ಜ್ವರ, ಕಣ್ಣು ಕೆಂಪು, ಮೀನಖಂಡ ಮುಟ್ಟಲು ಬಿಡುತ್ತಿರಲಿಲ್ಲ, ಮೂತ್ರ ಕಡಿಮೆ. ನೋಡಿದ ಕೂಡಲೇ ಇಲಿ ಜ್ವರ ಅನ್ನಿಸಿತು. ಡಾಕ್ಟರಿಗೂ ಅದೇ ಅನುಮಾನ. ನಮ್ಮ 4 ಹಾಸಿಗೆ ತುಂಬಿತ್ತು. ಮಣಿಪಾಲಕ್ಕೆ ಕಳಿಸಿದೆವು. ನೂರು ಕಿಲೋಮೀಟರ್‌ಗಿಂತ ಜಾಸ್ತಿ ದಾರಿ, ಮಳೆ ಹೊಡೆಯುತ್ತಿತ್ತು. ಅವರ ಹೆಂಡತಿ ಬಾಗಿಲ ಗಾಜಿನಿಂದ ಒಳಗೆ ನೋಡಿ ಕೇಳಿದರು, "ಅಲ್ಲಿ ಎರಡು ಮಂಚ ಖಾಲಿ ಇದೆಯಲ್ಲ ಅಕ್ಕಾ?"

ಅವರು ಗುಣವಾಗಿ ಮನೆಗೆ ಬಂದರು, ದೇವರು ದೊಡ್ಡವನು. ಆದರೆ ಆ ಹೆಂಗಸಿಗೆ ನಾನು ಏನು ಹೇಳಬೇಕಿತ್ತು?

ಲೆಕ್ಕ ಹೇಳುತ್ತೇನೆ. ಹೊರಗಿನವರು "ಮೂರು ಶಿಫ್ಟ್ ಅಲ್ವಾ, ಒಂದು ಜಾಗಕ್ಕೆ ಮೂರು ಜನ ಸಾಕು" ಅಂದುಕೊಳ್ಳುತ್ತಾರೆ. ಸಾಕಾಗುವುದಿಲ್ಲ. ಒಂದು ಜಾಗದಲ್ಲಿ ಹಗಲೂ ರಾತ್ರಿ ಒಬ್ಬ ಸಿಸ್ಟರ್ ಇರಬೇಕು ಅಂದರೆ ವಾರಕ್ಕೆ 168 ಗಂಟೆ. ಒಬ್ಬರು ವಾರಕ್ಕೆ 48 ಗಂಟೆ ಮಾಡಿದರೂ ಮೂರೂವರೆ ಜನ ಬೇಕು. ರಜೆ, ಕಾಯಿಲೆ, ಹೆರಿಗೆ ಅಂತ 30 ಪರ್ಸೆಂಟ್ ಮೇಲೆ ಇಡಬೇಕು. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಹೇಳುವುದೂ ಅಷ್ಟೇ. ಅಲ್ಲಿಗೆ ಒಂದು ಜಾಗಕ್ಕೆ ನಾಲ್ಕೂವರೆ ಜನ. ನಮ್ಮಲ್ಲಿ ಅಂಥ 6 ಜಾಗ ಇದೆ: ಕ್ಯಾಶುವಾಲ್ಟಿ 1, ಐಸಿಯು 2, ಹೆರಿಗೆ ವಾರ್ಡ್ 1, ಜನರಲ್ ವಾರ್ಡ್ 2. ಅದಕ್ಕೇ 27 ಜನ. ಓಟಿ (ಆಪರೇಷನ್ ಕೋಣೆ) ಮತ್ತು ಓಪಿಡಿಗೆ (ಹೊರರೋಗಿ ವಿಭಾಗ) ಇನ್ನೂ 5. ಒಟ್ಟು 32. ಇವತ್ತು ನನ್ನ ಹತ್ತಿರ ಇರುವವರು 23.

ಮೇ ತಿಂಗಳಿಂದ ಆರು ಮಂದಿ ಬಿಟ್ಟರು. ಇಬ್ಬರು ಸರ್ಕಾರಿ ಕೆಲಸಕ್ಕೆ, ಒಬ್ಬಳು ಮಂಗಳೂರಿಗೆ, ಒಬ್ಬಳು ಗಲ್ಫ್‌ಗೆ, ಒಬ್ಬಳು ಮದುವೆಯಾಗಿ ಹುಬ್ಬಳ್ಳಿಗೆ. ಇನ್ನೊಬ್ಬಳು ಸುಮ್ನೆ ಬಿಟ್ಟಳು. ಕಾರಣ ಹೇಳಲಿಲ್ಲ.

ಈಗ ನಮ್ಮ ಆಡಳಿತದವರು ಹೊಸ ನಿಯಮ ತರುತ್ತೇವೆ ಅನ್ನುತ್ತಿದ್ದಾರೆ. ಸೇರುವಾಗಲೇ 2 ವರ್ಷದ ಬಾಂಡ್, ಜೊತೆಗೆ ಒರಿಜಿನಲ್ ಸರ್ಟಿಫಿಕೇಟ್ ಆಫೀಸಿನ ಕಪಾಟಿನಲ್ಲಿ. ಬಿಟ್ಟು ಹೋಗಬೇಕಾದರೆ ದುಡ್ಡು ಕಟ್ಟಿ ಬಿಡಿಸಿಕೊಳ್ಳಬೇಕು. ನನಗೆ ಇದು ಒಪ್ಪಿಗೆ ಇಲ್ಲ. ನನ್ನ ಮೊದಲ ಕೆಲಸ ಬೇರೆ ಜಿಲ್ಲೆಯ ಒಂದು ನರ್ಸಿಂಗ್ ಹೋಮ್‌ನಲ್ಲಿ. ಅಲ್ಲಿ ನನ್ನ ಸರ್ಟಿಫಿಕೇಟ್ ಹೀಗೇ ಇಟ್ಟುಕೊಂಡಿದ್ದರು. ಸರ್ಕಾರಿ ಕೆಲಸಕ್ಕೆ ಕರೆ ಬಂತು. ದಾಖಲೆ ತೋರಿಸುವ ದಿನ ಒರಿಜಿನಲ್ ಬೇಕು. ಮೂರು ದಿನ ಆಫೀಸ್ ಬಾಗಿಲಲ್ಲಿ ನಿಂತೆ, ಕೊಡಲಿಲ್ಲ. ಆ ಕೆಲಸ ಹೋಯ್ತು. ಅಲ್ಲಿ ಮತ್ತೆ 7 ತಿಂಗಳು ಕೆಲಸ ಮಾಡಿದೆ. ಆ 7 ತಿಂಗಳಲ್ಲಿ ಒಂದು ದಿನವೂ ಮನಸ್ಸಿಟ್ಟು ರೋಗಿಯ ಹತ್ತಿರ ನಿಲ್ಲಲಿಲ್ಲ. ಇದನ್ನು ಹೇಳಲು ಈಗಲೂ ಸಂಕಟ ಆಗುತ್ತದೆ.

ಮುಂದಿನ ವಾರ ಮೀಟಿಂಗ್ ಇದೆ. "ಇದು ಬೇಡ" ಅಂದರೆ "ಹಾಗಾದರೆ ಏನು ಮಾಡಬೇಕು ಹೇಳಿ ಸಿಸ್ಟರ್" ಅಂತ ಕೇಳುತ್ತಾರೆ. ಹೇಳಲು ನನ್ನ ಹತ್ತಿರ ಏನಾದರೂ ಇರಬೇಕು. ನಿಮ್ಮ ಆಸ್ಪತ್ರೆಗಳಲ್ಲಿ ಏನು ಮಾಡಿದ್ದೀರಿ? ಯಾವುದು ನಡೆಯಿತು? ಬಿಟ್ಟು ಹೋದವರು ಯಾರಾದರೂ ಇಲ್ಲಿದ್ದರೆ ದಯವಿಟ್ಟು ಬರೆಯಿರಿ. ನಿಮ್ಮ ಮಾತೇ ನನಗೆ ಹೆಚ್ಚು ಬೇಕು.

ಶಿರಸಿ ಲೆಕ್ಕದವ ಬರೆದದ್ದು:

ಸಿಸ್ಟರ್, ನಾನು ಶಿರಸಿಯಲ್ಲಿ ಆಸ್ಪತ್ರೆಗಳ ಲೆಕ್ಕಪತ್ರ ನೋಡುವವನು. ಆಡಳಿತದವರ ಕಷ್ಟವನ್ನೂ ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹೊಸ ಹುಡುಗಿ ಐಸಿಯುಗೆ ಬಂದರೆ ಅವಳು ಒಬ್ಬಳೇ ರಾತ್ರಿ ನಿಲ್ಲುವಂತಾಗಲು ಮೂರು ತಿಂಗಳಾದರೂ ಬೇಕು. ಆ ಮೂರು ತಿಂಗಳು ಒಂದು ಕೆಲಸಕ್ಕೆ ಎರಡು ಸಂಬಳ. ಕಲಿತು ನಾಲ್ಕನೇ ತಿಂಗಳು ಹೋದರೆ ಸಣ್ಣ ಆಸ್ಪತ್ರೆಗೆ ಪೆಟ್ಟು ಬೀಳುತ್ತದೆ. ಅವರ ಸಿಟ್ಟು ಸುಳ್ಳಲ್ಲ.

ಆದರೆ ಸರ್ಟಿಫಿಕೇಟ್ ಇಟ್ಟುಕೊಳ್ಳುವುದು ತಪ್ಪೇ. ಅದು ಆ ಹುಡುಗಿಯ ಸ್ವತ್ತು. ಕಲಿಸಿದ ಖರ್ಚಿಗೆ ಒಂದು ವರ್ಷ ಇರುವ ಒಪ್ಪಂದ ಬರೆಸಿ. ನಡುವೆ ಬಿಟ್ಟರೆ ಉಳಿದ ತಿಂಗಳಿಗೆ ತಕ್ಕಂತೆ ತರಬೇತಿ ಖರ್ಚಿನ ಒಂದು ಪಾಲು ಕೊಡಲಿ. ಆ ಮೊತ್ತ ಮೊದಲೇ ಕಾಗದದಲ್ಲಿ ಇರಲಿ. ಸಂಬಳದ ಎರಡು ಪಟ್ಟು, ಮೂರು ಪಟ್ಟು ಅಂತ ಹೆದರಿಸುವುದು ಬೇಡ.

ಇನ್ನೊಂದು ಮುಖ್ಯ ವಿಷಯ. ಸಂಬಳ ಎಷ್ಟು ಅಂತ ನೀವು ಬರೆದಿಲ್ಲ. 2016ರ ಜನವರಿಯಲ್ಲಿ ಖಾಸಗಿ ಆಸ್ಪತ್ರೆ ನರ್ಸ್‌ಗಳ ಬಗ್ಗೆ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತ್ತು. 50ಕ್ಕಿಂತ ಕಡಿಮೆ ಹಾಸಿಗೆ ಇದ್ದರೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ. 50ರಿಂದ 100 ಹಾಸಿಗೆ ಇದ್ದರೆ ಆ ರಾಜ್ಯದ ಸರ್ಕಾರಿ ನರ್ಸ್ ಸಂಬಳಕ್ಕಿಂತ 25 ಪರ್ಸೆಂಟ್‌ಗಿಂತ ಜಾಸ್ತಿ ಕಡಿಮೆ ಇರಬಾರದು. 100 ದಾಟಿದರೆ 10 ಪರ್ಸೆಂಟ್. 200 ದಾಟಿದರೆ ಸರ್ಕಾರಿ ಸಂಬಳಕ್ಕೆ ಸಮ. ಇದು ಆ ಸಮಿತಿಯ ಶಿಫಾರಸು. ನಿಮ್ಮದು 60 ಹಾಸಿಗೆ, ಅಂದರೆ 25 ಪರ್ಸೆಂಟ್ ಸಾಲಿಗೆ ಬರುತ್ತೀರಿ. ಮೀಟಿಂಗಿಗೆ ಹೋಗುವಾಗ ನಿಮ್ಮ ಸಂಬಳ ಪಟ್ಟಿಯನ್ನು ಇದರ ಪಕ್ಕ ಇಟ್ಟುಕೊಂಡು ಹೋಗಿ. ಮುಚ್ಚಿದ 2 ಐಸಿಯು ಹಾಸಿಗೆಯಿಂದ ತಿಂಗಳಿಗೆ ಎಷ್ಟು ಆದಾಯ ನಿಂತಿದೆ ಅನ್ನುವುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಆಡಳಿತದವರು ಓದುವುದು ಆ ಸಾಲನ್ನೇ.

ಮಿರ್ಜಾನ್ ಹುಡುಗಿ ಬರೆದದ್ದು:

ಅಕ್ಕಾ, ನಾನು ಬಿಟ್ಟು ಹೋದವಳು. ಕುಮಟಾ ಕಡೆಯವಳು. ಜಿಎನ್ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಕರಾವಳಿಯ ಒಂದು ಆಸ್ಪತ್ರೆಯಲ್ಲಿ ಎರಡೂವರೆ ವರ್ಷ ಇದ್ದೆ, ನಿಮ್ಮದಲ್ಲ. ಈಗ ಇಂಗ್ಲೆಂಡಿನಲ್ಲಿದ್ದೇನೆ. ಓಇಟಿ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆದು, ಇಲ್ಲಿಗೆ ಬಂದ ಮೇಲೆ ಓಎಸ್‌ಸಿಇ ಅನ್ನುವ ಪ್ರಾಕ್ಟಿಕಲ್ ಪರೀಕ್ಷೆ ಪಾಸಾಗಿ ಇಲ್ಲಿನ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ಹಾಕಿಸಿದೆ.

ದುಡ್ಡಿಗಾಗಿ ಹೋದಳು ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ದುಡ್ಡು ಬೇಕಿತ್ತು, ನಿಜ. ಆದರೆ ನಾನು ಹೋಗಬೇಕು ಅಂತ ನಿರ್ಧಾರ ಮಾಡಿದ ದಿನ ನನಗೆ ನೆನಪಿದೆ. ಸತತ 7 ರಾತ್ರಿ ಡ್ಯೂಟಿ ಹಾಕಿದ್ದರು. ರಾತ್ರಿ 8ರಿಂದ ಬೆಳಿಗ್ಗೆ 8. ಐದನೇ ರಾತ್ರಿ ಎರಡು ಡ್ರಿಪ್ ಬಾಟಲಿ ಕೈಯಲ್ಲಿ ಹಿಡಿದು ನಿಂತಿದ್ದೆ. ಒಂದರಲ್ಲಿ ಪೊಟ್ಯಾಸಿಯಂ ಹಾಕಿತ್ತು, ಅದು ತಪ್ಪಿ ಬೇರೆಯವರಿಗೆ ಹೋದರೆ ಜೀವಕ್ಕೇ ಅಪಾಯ. ಯಾವುದು ಅಂತ ಮರೆತು ಹೋಯ್ತು. ಲೇಬಲ್ ಬರೆಯುವಷ್ಟರಲ್ಲಿ ಕ್ಯಾಶುವಾಲ್ಟಿಯಿಂದ ಕರೆದಿದ್ದರು. ಎರಡನ್ನೂ ಸಿಂಕ್‌ಗೆ ಸುರಿದೆ. ಬೆಳಿಗ್ಗೆ ಅದನ್ನು ಹೇಳಿದೆ. "ಎರಡು ಬಾಟಲಿ ದುಡ್ಡು ಸಂಬಳದಲ್ಲಿ ಹಿಡಿಯುತ್ತೇವೆ" ಅಂದರು. ಆ ಕ್ಷಣವೇ ಮನಸ್ಸು ಮುರಿಯಿತು. ನಾನು ಒಂದು ಜೀವ ಉಳಿಸಿದ್ದೆ ಅಂತ ಯಾರಿಗೂ ಅನ್ನಿಸಲಿಲ್ಲ.

ಇಲ್ಲಿ ಕೆಲಸ ಹಗುರ ಅಂತ ನಾನು ಹೇಳುವುದಿಲ್ಲ. ಇಲ್ಲೂ ಜನ ಕಡಿಮೆಯೇ. ಆದರೆ ವಾರಕ್ಕೆ 37.5 ಗಂಟೆ. ಹೆಚ್ಚಾಗಿ ಮೂರು ಉದ್ದದ ದಿನ, ಉಳಿದ ದಿನ ನನ್ನದು. ವರ್ಷಕ್ಕೆ 27 ದಿನ ರಜೆ, ಹಬ್ಬದ 8 ದಿನ ಬೇರೆ. ಡ್ಯೂಟಿ ಲಿಸ್ಟ್ ವಾರಗಳ ಮೊದಲೇ ಕೈಗೆ ಬರುತ್ತದೆ. ಪೊಟ್ಯಾಸಿಯಂ ಹಾಕುವಾಗ ಇಬ್ಬರು ನೋಡಿ ಇಬ್ಬರೂ ಸಹಿ ಮಾಡುತ್ತೇವೆ.

ಇದರಲ್ಲಿ ಎರಡು ಸಂಗತಿ ನಿಮ್ಮಲ್ಲೂ ಮಾಡಬಹುದು ಅಕ್ಕಾ. ಲಿಸ್ಟ್ ಒಂದು ತಿಂಗಳು ಮೊದಲೇ ಗೋಡೆಗೆ ಹಾಕಿ. ಅದಕ್ಕೂ ಮೊದಲು ಒಂದು ಪುಸ್ತಕ ಇಡಿ. ಪ್ರತಿಯೊಬ್ಬಳೂ ತನಗೆ ಬೇಕೇ ಬೇಕಾದ ಎರಡು ದಿನ ಅದರಲ್ಲಿ ಬರೆಯಲಿ. ತಂಗಿ ನಿಶ್ಚಯಕ್ಕೆ ಹೋಗಲು ನಾನು ಎಷ್ಟು ಅತ್ತಿದ್ದೆ ಅಂತ ನನಗೆ ಮಾತ್ರ ಗೊತ್ತು. ಮತ್ತೆ, 3 ರಾತ್ರಿಗಿಂತ ಜಾಸ್ತಿ ಸಾಲಾಗಿ ಯಾರಿಗೂ ಹಾಕಬೇಡಿ. ಎಷ್ಟೇ ಕಷ್ಟ ಆದರೂ.

ಕಾರಣ ಹೇಳದೆ ಬಿಟ್ಟ ಆ ಹುಡುಗಿಗೆ ಒಂದು ಫೋನ್ ಮಾಡಿ ನೋಡಿ. ಈಗ ಹೇಳಬಹುದು.

ಜೋಯಿಡಾದಲ್ಲಿದ್ದ ಡಾಕ್ಟರ್ ಬರೆದದ್ದು:

ನಾನು ಬಯಲುಸೀಮೆಯವನು. 2021ರಲ್ಲಿ ಎಂಬಿಬಿಎಸ್ ಮುಗಿದಾಗ ಕಡ್ಡಾಯ ಸೇವೆಗೆ ಜೋಯಿಡಾ ತಾಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಸಿಕ್ಕಿತು. ರಾಜ್ಯದಲ್ಲಿ ಇದಕ್ಕೆ 2012ರ ಕಾಯ್ದೆ ಇದೆ, ಆಗ ಓದು ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕಿತ್ತು. 2023ರಲ್ಲಿ ಅದನ್ನು ಖಾಲಿ ಹುದ್ದೆ ಇದ್ದಷ್ಟಕ್ಕೆ ಮಾತ್ರ ಅಂತ ಬದಲಿಸಿದರು. ನಾನು ಸರಿಯಾಗಿ ಒಂದು ವರ್ಷ ಇದ್ದೆ, 365ನೇ ದಿನ ಹೊರಟೆ. ಒತ್ತಾಯದಿಂದ ಬಂದವನು ದಿನ ಎಣಿಸುತ್ತಾನೆ. ಬಾಂಡ್‌ನಿಂದ ನಿಮಗೆ ಸಿಗುವುದೂ ಅಷ್ಟೇ ಸಿಸ್ಟರ್.

ಅಲ್ಲಿ ಒಬ್ಬರು ಎಎನ್ಎಂ (ಹಳ್ಳಿಯ ಆರೋಗ್ಯ ಸಹಾಯಕಿ) ಅಮ್ಮ ಇದ್ದರು. 18 ವರ್ಷದಿಂದ ಅದೇ ಉಪಕೇಂದ್ರ. ಅವರ ತವರು ಮೂರು ಕಿಲೋಮೀಟರ್ ಆಚೆ. ನನಗೆ ಮೊದಲ ವಾರ ಒಬ್ಬ ಕುಣಬಿ ಅಜ್ಜಿ ಎದೆ ನೋವು ಅಂತ ಬಂದರು. ಕನ್ನಡದಲ್ಲಿ ಕೇಳಿದೆ, ತಲೆ ಅಲ್ಲಾಡಿಸಿದರು ಅಷ್ಟೇ. ಎಎನ್ಎಂ ಅಮ್ಮ ಪಕ್ಕ ಕೂತು ಕೊಂಕಣಿಯಲ್ಲಿ ಎರಡು ನಿಮಿಷ ಮಾತಾಡಿದರು. ನೋವು ಎದೆಯದ್ದಲ್ಲ, ಮಗ ಗೋವಾಕ್ಕೆ ಹೋದ ಮೇಲೆ ನಾಲ್ಕು ದಿನದಿಂದ ಅಜ್ಜಿ ಊಟ ಬಿಟ್ಟಿದ್ದರು, ಹೊಟ್ಟೆ ಉರಿ. ಇಸಿಜಿ ಮಾಡಿದೆ, ಸರಿ ಇತ್ತು. ಆ ಅಮ್ಮ ಇಲ್ಲದಿದ್ದರೆ ಮಳೆಯಲ್ಲಿ ಅಜ್ಜಿಯನ್ನು ದಾಂಡೇಲಿಗೆ ಕಳಿಸುತ್ತಿದ್ದೆ.

ವಿಶ್ವ ಆರೋಗ್ಯ ಸಂಸ್ಥೆ ಹಳ್ಳಿಗಳಲ್ಲಿ ಆರೋಗ್ಯ ಸಿಬ್ಬಂದಿ ಉಳಿಸಿಕೊಳ್ಳುವ ಬಗ್ಗೆ 2010ರಲ್ಲಿ ಮಾರ್ಗಸೂಚಿ ತಂದಿತು, 2021ರಲ್ಲಿ ಅದನ್ನು ಪರಿಷ್ಕರಿಸಿತು. ಅದರಲ್ಲಿ ಮೊದಲು ಬರುವ ಮಾತೇ ಇದು: ಹಳ್ಳಿ ಮಕ್ಕಳನ್ನು ಆರಿಸಿ ಓದಿಸಿ, ಅವರು ಹಳ್ಳಿಗೆ ಬರುವ ಸಾಧ್ಯತೆ ಹೆಚ್ಚು. ಒಂದೇ ಮದ್ದು ಸಾಲದು, ಮನೆ, ಸಂಬಳ, ಕಲಿಕೆ, ಭದ್ರತೆ ಎಲ್ಲ ಒಟ್ಟಿಗೆ ಇರಬೇಕು ಅಂತಲೂ ಇದೆ. ನಿಮ್ಮ ಸುತ್ತಲಿನ ಹಾಲಕ್ಕಿ, ಅಂಬಿಗ, ಮೀನುಗಾರ ಮನೆಗಳ ಹುಡುಗಿಯರು ಪಿಯುಸಿ ಮುಗಿಸಿ ಏನು ಮಾಡುತ್ತಿದ್ದಾರೆ ನೋಡಿ. ವರ್ಷಕ್ಕೆ ಇಬ್ಬರ ಜಿಎನ್ಎಂ ಫೀಸ್ ಆಸ್ಪತ್ರೆ ಕಟ್ಟಿದರೆ ಮೂರು ವರ್ಷ ಬಿಟ್ಟು ಫಲ ಸಿಗುತ್ತದೆ. ತಡ ಅನ್ನಿಸಬಹುದು. ಅಡಿಕೆ ಸಸಿ ಅದಕ್ಕಿಂತ ತಡ ಅಲ್ವಾ?

ಕೋಡಿಬಾಗದವ ಬರೆದದ್ದು:

ನಾನು ಆಸ್ಪತ್ರೆಯವನಲ್ಲ. ಕಾರವಾರದವನು, ಅಪ್ಪನನ್ನು ಹಿಡಿದುಕೊಂಡು ಗೋವಾದ ಬಾಂಬೋಳಿ ಆಸ್ಪತ್ರೆಗೂ ಹೋಗಿದ್ದೇನೆ, ಮಣಿಪಾಲಕ್ಕೂ ಹೋಗಿದ್ದೇನೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ನಲ್ಲಿ ಗುದ್ದಿ ನಾಲ್ಕು ಜನ ಹೋದರಲ್ಲ, ಆಗ "ನಮ್ಮ ಜಿಲ್ಲೆಗೆ ಆಸ್ಪತ್ರೆ ಬೇಕು" ಅಂತ ಬರೆದವರಲ್ಲಿ ನಾನೂ ಒಬ್ಬ. ಕಟ್ಟಡ ಬಂದರೆ ಎಲ್ಲ ಸರಿಯಾಗುತ್ತದೆ ಅಂದುಕೊಂಡಿದ್ದೆ. ಮಂಚ ಇದ್ದೂ ಸಿಸ್ಟರ್ ಇಲ್ಲದೆ ಮುಚ್ಚುತ್ತಾರೆ ಅಂತ ಇವತ್ತು ಗೊತ್ತಾಯ್ತು.

ಒಂದೇ ಪ್ರಶ್ನೆ. ನಿಮ್ಮ ಹುಡುಗಿಯರು ಮಧ್ಯಾಹ್ನದ ಡ್ಯೂಟಿ ಮುಗಿಸಿ ರಾತ್ರಿ 8ಕ್ಕೆ ಮನೆಗೆ ಹೇಗೆ ಹೋಗುತ್ತಾರೆ? ಹಳ್ಳಿ ಕಡೆ ಕೊನೆ ಬಸ್ ಎಷ್ಟು ಹೊತ್ತಿಗೆ?

ಕರಾವಳಿ ಸಿಸ್ಟರ್ ಬರೆದದ್ದು:

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ.

ಕೋಡಿಬಾಗದ ಅಣ್ಣಾ, ನಿಮ್ಮ ಪ್ರಶ್ನೆಗೆ ನನಗೆ ಉತ್ತರ ಗೊತ್ತಿರಲಿಲ್ಲ. 26 ವರ್ಷದಲ್ಲಿ ಕೇಳಲೇ ಇಲ್ಲ, ಅದು ನನ್ನ ತಪ್ಪು. ನಿನ್ನೆ ಕೇಳಿದೆ. ಒಂದು ಕಡೆಯ ಹಳ್ಳಿಗೆ ಕೊನೆ ಬಸ್ 7.45ಕ್ಕೆ. ಡ್ಯೂಟಿ ಬಿಡುವುದು 8ಕ್ಕೆ, ಮುಂದಿನ ಸಿಸ್ಟರ್‌ಗೆ ಹ್ಯಾಂಡೋವರ್ ಕೊಟ್ಟು ಹೊರಗೆ ಬರುವಾಗ 8.20. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ. ಆದರೆ ನಮ್ಮ ಮೂವರು ಹುಡುಗಿಯರು ಆ ಬಸ್ ಹೋದ ಮೇಲೆ ಆಟೋಕ್ಕೆ ದುಡ್ಡು ಕೊಡುತ್ತಿದ್ದಾರೆ. ಇಲ್ಲವೇ ಅಣ್ಣನೋ ಅಪ್ಪನೋ ಬೈಕ್ ತೆಗೆದುಕೊಂಡು ಗೇಟಿನ ಹತ್ತಿರ ಮಳೆಯಲ್ಲಿ ಕಾಯುತ್ತಾರೆ. ಆ ಅಪ್ಪಂದಿರನ್ನು ನಾನು ದಿನಾ ನೋಡಿದ್ದೇನೆ. ಯಾಕೆ ನಿಂತಿದ್ದಾರೆ ಅಂತ ಯೋಚನೆ ಮಾಡಿರಲಿಲ್ಲ.

ತಂಗೀ, ನೀನು ಹೇಳಿದಂತೆ ಫೋನ್ ಮಾಡಿದೆ. ಮೊದಲು "ಏನಿಲ್ಲ ಮೇಡಂ" ಅಂದಳು. ಹತ್ತು ನಿಮಿಷ ಬಿಟ್ಟು ಅವಳೇ ತಿರುಗಿ ಮಾಡಿದಳು. ಜನರಲ್ ವಾರ್ಡಿನಲ್ಲಿ ರೋಗಿಯ ಕಡೆಯವನೊಬ್ಬ ಕುಡಿದು ಬಂದು ಕೈ ಹಿಡಿದು ಎಳೆದಿದ್ದನಂತೆ. ಅವಳು ಆಫೀಸಿಗೆ ಹೇಳಿದ್ದಾಳೆ. "ದೊಡ್ಡದು ಮಾಡಬೇಡ" ಅಂದರಂತೆ. ನನ್ನ ತನಕ ಬರಲೇ ಇಲ್ಲ. ವೈದ್ಯಕೀಯ ಸಿಬ್ಬಂದಿ ಮೇಲೆ ಕೈ ಮಾಡಿದರೆ ಕೇಸ್ ಹಾಕಲು ರಾಜ್ಯದಲ್ಲಿ 2009ರಿಂದಲೇ ಕಾಯ್ದೆ ಇದೆ, ಅದರಲ್ಲಿ ನರ್ಸ್‌ಗಳೂ ಸೇರುತ್ತಾರೆ. ಕಾಯ್ದೆ ಇದ್ದು ಏನು ಬಂತು, ನಾವೇ ಬಾಯಿ ಮುಚ್ಚಿಸಿದ ಮೇಲೆ? ಅವಳಿಗೆ ಕ್ಷಮೆ ಕೇಳಿದೆ. ರಾತ್ರಿ ನಿದ್ದೆ ಬರಲಿಲ್ಲ.

ಇನ್ನೊಂದು ಕೆಲಸ ಮಾಡಿದೆ. ಮೂರು ದಿನ ಗಡಿಯಾರ ನೋಡಿ ಬರೆದಿಟ್ಟೆ, ಜನರಲ್ ವಾರ್ಡಿನ ಸಿಸ್ಟರ್ ಏನೇನು ಮಾಡುತ್ತಾಳೆ ಅಂತ. ಬೆಳಗಿನ ಡ್ಯೂಟಿಯ ಒಟ್ಟು 6 ತಾಸಿನಲ್ಲಿ ಒಂದೂ ಮುಕ್ಕಾಲು ತಾಸು ಅವಳು ರೋಗಿಯ ಹತ್ತಿರ ಇಲ್ಲ. ಆಯುಷ್ಮಾನ್ ಕಾಗದಕ್ಕೆ ಫೋಟೋ, ಬಿಲ್ಲಿಗೆ ಓಡಾಟ, ಔಷಧ ತರಲು ಕೆಳಗಿನ ಮೆಡಿಕಲ್‌ಗೆ, "ಡಾಕ್ಟರ್ ಎಷ್ಟು ಹೊತ್ತಿಗೆ ಬರುತ್ತಾರೆ" ಅನ್ನುವ ಫೋನ್. ಇದಕ್ಕೆ ನರ್ಸಿಂಗ್ ಓದಬೇಕಾಗಿಲ್ಲ. ಲೆಕ್ಕ ಗೊತ್ತಿರುವ ಊರಿನ ಒಬ್ಬ ಹುಡುಗ ಸಾಕು.

ನಾಳೆ ಮೀಟಿಂಗ್. ಲೆಕ್ಕದ ಅಣ್ಣ ಹೇಳಿದ ಹಾಳೆ ಸಿದ್ಧ ಮಾಡಿದ್ದೇನೆ.

ಕರಾವಳಿ ಸಿಸ್ಟರ್ ಮತ್ತೆ ಬರೆದದ್ದು, ಮೂರು ವಾರದ ನಂತರ:

ಕೇಳಿದವರಿಗೆ ಹೇಳುತ್ತೇನೆ. ಸರ್ಟಿಫಿಕೇಟ್ ಇಟ್ಟುಕೊಳ್ಳುವುದು ಇಲ್ಲ ಅಂತ ಆಯ್ತು. ಐಸಿಯುಗೆ ಮಾತ್ರ ಒಂದು ವರ್ಷದ ಒಪ್ಪಂದ, ತಿಂಗಳು ಕಳೆದಂತೆ ಮೊತ್ತ ಇಳಿಯುತ್ತದೆ. ಸಂಬಳದ ಮಾತಿಗೆ "ಮಾರ್ಚ್‌ನಲ್ಲಿ ನೋಡೋಣ" ಅಂದಿದ್ದಾರೆ. ನಾನು ಬಿಡುವುದಿಲ್ಲ, ಮಾರ್ಚ್‌ನಲ್ಲಿ ಅದೇ ಹಾಳೆ ತೆಗೆದುಕೊಂಡು ಹೋಗುತ್ತೇನೆ. ಜಿಎನ್ಎಂ ಫೀಸ್ ವಿಷಯಕ್ಕೆ ಟ್ರಸ್ಟಿನ ಹಿರಿಯರೊಬ್ಬರು ಒಬ್ಬ ಹುಡುಗಿಯ ಖರ್ಚು ತಾವೇ ಕೊಡುತ್ತೇನೆ ಅಂದರು.

ಶಿಫ್ಟ್ ಬದಲಾಯ್ತು. ಈಗ ಬೆಳಿಗ್ಗೆ 7, ಮಧ್ಯಾಹ್ನ 1, ರಾತ್ರಿ 7. ಹ್ಯಾಂಡೋವರ್ ಮುಗಿಸಿ 7.20ಕ್ಕೆಲ್ಲ ಹೊರಗೆ, ಬಸ್ ಸಿಗುತ್ತದೆ. ಇದಕ್ಕೆ ಒಂದು ರೂಪಾಯಿ ಖರ್ಚಾಗಲಿಲ್ಲ. ವಾರ್ಡ್ ಕ್ಲರ್ಕ್ ಒಬ್ಬ ಬಂದಿದ್ದಾನೆ, ಹಗಲಿಗೆ ಮಾತ್ರ. ಗೇಟಿನಲ್ಲಿ ರಾತ್ರಿ ಕಾವಲಿಗೆ ಒಬ್ಬರು ಬರಬೇಕು, ಇನ್ನೂ ಸಿಕ್ಕಿಲ್ಲ.

ಬೇಡಿಕೆ ಪುಸ್ತಕ ಇಟ್ಟ ಮೊದಲ ದಿನವೇ ತಕರಾರು. ಊರಿನವರೆಲ್ಲ ಚೌತಿಗೆ ಬರೆದರು, ಕೇರಳದ ನಾಲ್ವರು ಓಣಂಗೆ ಬರೆದರು, ಎರಡೂ ಹತ್ತಿರ ಹತ್ತಿರವೇ ಬಂದಿತ್ತು. ಎಲ್ಲರನ್ನೂ ಕೂರಿಸಿ ನೀವೇ ಹೊಂದಿಸಿಕೊಳ್ಳಿ ಅಂದೆ. ಅರ್ಧ ಗಂಟೆ ಜೋರು ಮಾತು ನಡೆಯಿತು. ಆಮೇಲೆ ಕೇರಳದ ಹುಡುಗಿಯರು ಚೌತಿ ಎರಡು ದಿನ ನಿಲ್ಲುತ್ತೇವೆ ಅಂದರು, ಊರಿನವರು ಓಣಂ ರಾತ್ರಿ ತೆಗೆದುಕೊಂಡರು. ಡಿಸೆಂಬರ್‌ಗೆ ಈಗಲೇ ಇಬ್ಬರು ಹೆಸರು ಬರೆದಿದ್ದಾರೆ.

ಫೋನ್ ಮಾಡಿದ ಹುಡುಗಿ ತಿರುಗಿ ಬರಲಿಲ್ಲ. ಅವಳ ಗೆಳತಿಯೊಬ್ಬಳನ್ನು ಕಳಿಸಿದ್ದಾಳೆ, ಎರಡು ವರ್ಷ ಐಸಿಯು ಅನುಭವ ಇದೆ. ಈಗ 24 ಜನ. ಕ್ಲರ್ಕ್ ಬಂದದ್ದರಿಂದ ವಾರ್ಡಿನ ಒಬ್ಬಳನ್ನು ಹಗಲು ಹೊತ್ತು ಐಸಿಯುಗೆ ಕೊಡಲು ಆಗುತ್ತಿದೆ. ಸೋಮವಾರ ಒಂದು ಮಂಚದ ಹಸಿರು ಬಟ್ಟೆ ತೆಗೆದೆವು. ಇನ್ನೊಂದು ಹಾಗೇ ಇದೆ.